ಡ್ಯಾಶ್‌ಬೋರ್ಡಿಗೆ ಯಾವ ಪಾಲಿಶ್? ಹೊಳಪಿನದೋ, ಹೊಳಪಿಲ್ಲದ ಮ್ಯಾಟೋ, ಏನೂ ಬೇಡವೋ?

ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯಲು ಶುರು ಮಾಡಿದಾಗ ಸಂಜೆ ನಾಲ್ಕೂವರೆ. ಬಿಸಿಲು ಎದುರಿಗೇ ಇತ್ತು. ಮುಂದಿನ ಗಾಜಿನಲ್ಲಿ ರಸ್ತೆಗಿಂತ ಜಾಸ್ತಿ ಕಾಣುತ್ತಿದ್ದದ್ದು ನಮ್ಮದೇ ಕಾರಿನ ಡ್ಯಾಶ್‌ಬೋರ್ಡ್. ಎಸಿ ಕಿಂಡಿ, ಅಂಚಿನ ಗೆರೆ, ಮೇಲಿಟ್ಟಿದ್ದ ಪಾರ್ಕಿಂಗ್ ಚೀಟಿ, ಎಲ್ಲ ಕನ್ನಡಿಯಲ್ಲಿ ಕಂಡ ಹಾಗೆ. ತಿರುವಿನಲ್ಲಿ ಎದುರು ಬಂದ ಟ್ಯಾಂಕರ್ ತೀರಾ ಹತ್ತಿರವಾದ ಮೇಲೆ ಕಣ್ಣಿಗೆ ಬಿತ್ತು. ಎದೆ ಧಸಕ್ಕೆಂದಿತು. ಜಾಗ ಸಿಕ್ಕ ಕಡೆ ಕಾರು ಬದಿಗೆ ಹಾಕಿದೆ.

ಹಿಂದಿನ ದಿನ ಕಾರನ್ನು ವಾಟರ್ ಸರ್ವಿಸ್‌ಗೆ ಬಿಟ್ಟಿದ್ದೆ. ತೊಳೆದ ಮೇಲೆ ಹುಡುಗರು ಒಳಗೆಲ್ಲ ಪಳಪಳ ಹೊಳೆಯುವ ಪಾಲಿಶ್ ಹೊಡೆದು ಕೊಟ್ಟಿದ್ದರು. ನನಗೂ ಆಗ ಖುಷಿಯಾಗಿತ್ತು. ಘಾಟಿಯಲ್ಲಿ ನಿಂತು ಒದ್ದೆ ಬಟ್ಟೆಯಿಂದ ಒರೆಸಿದರೆ ಅದು ಹೋಗಲಿಲ್ಲ, ಇನ್ನಷ್ಟು ಹರಡಿತು. ಕೊನೆಗೆ ಪೆಟ್ಟಿಗೆ ಅಂಗಡಿಯಲ್ಲಿ ಶಾಂಪೂ ಪೊಟ್ಟಣ ಕೊಂಡು, ಬಾಟಲಿ ನೀರಿಗೆ ಕಲಸಿ, ಎರಡು ಸಲ ಒರೆಸಿ, ಒಣಬಟ್ಟೆಯಿಂದ ತಿಕ್ಕಿದ ಮೇಲೆ ಮುಂದೆ ಹೊರಟೆವು.

ಅಲ್ಲಿಂದ ಈಚೆಗೆ ಈ ವಿಷಯವನ್ನು ಬಿಡದೆ ನೋಡುತ್ತಾ ಬಂದಿದ್ದೇನೆ. ಬೆಂಗಳೂರಿನಲ್ಲಿ ನಮ್ಮ ಕಾರು, ಕಲಬುರಗಿಯಲ್ಲಿ ಅಣ್ಣನ ಕಾರು, ಉಡುಪಿಯಲ್ಲಿ ಮಾವನ ಹಳೇ ಕಾರು. ಮೂರು ಊರು, ಮೂರು ಹವೆ. ಮೂರಕ್ಕೂ ಬೇರೆ ಬೇರೆ ಬಾಟಲಿ ಹಚ್ಚಿ ನೋಡಿದ್ದೇನೆ. ಅಂಗಡಿಗೆ ಹೋದರೆ "ಇದಕ್ಕೆ ಒಳ್ಳೇ ಶೈನ್ ಬರುತ್ತೆ ಸಾರ್" ಅಂತ ಒಂದನ್ನು ಕೈಗೆ ಕೊಡುತ್ತಾರೆ. ಶೈನ್ ಬರುತ್ತದೆ, ನಿಜ. ಆದರೆ ಹೊಳಪು ಬೇರೆ, ರಕ್ಷಣೆ ಬೇರೆ. ಈ ಎರಡನ್ನೂ ಒಂದೇ ಅಂತ ನಂಬಿಯೇ ನಾವು ತಪ್ಪು ಬಾಟಲಿ ಕೊಳ್ಳುವುದು.

ರಕ್ಷಣೆ ಅಂದರೆ ಯಾವುದರಿಂದ?

ಡ್ಯಾಶ್‌ಬೋರ್ಡಿನ ಮೊದಲ ಶತ್ರು ಕಾವು. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಅಮೆರಿಕದ ಅರಿಜೋನಾ ರಾಜ್ಯದಲ್ಲಿ ಸಂಶೋಧಕರು ಬೇಸಿಗೆಯ ದಿನಗಳಲ್ಲಿ ಕಾರುಗಳನ್ನು ಬಿಸಿಲಿನಲ್ಲಿ ಮತ್ತು ನೆರಳಿನಲ್ಲಿ ನಿಲ್ಲಿಸಿ ಅಳೆದರು. ಬಿಸಿಲಿನಲ್ಲಿ ಒಂದು ಗಂಟೆ ನಿಂತ ಕಾರಿನ ಒಳಗಿನ ಗಾಳಿ ಸರಾಸರಿ 47 ಡಿಗ್ರಿ ಸೆಲ್ಸಿಯಸ್. ಡ್ಯಾಶ್‌ಬೋರ್ಡ್ ಮಾತ್ರ 69 ಡಿಗ್ರಿ. ಸ್ಟೇರಿಂಗ್ 53, ಸೀಟು 51. ನೆರಳಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ 48 ಡಿಗ್ರಿಯಲ್ಲೇ ನಿಂತಿತ್ತು. ನೆರಳಿಗೂ ಬಿಸಿಲಿಗೂ 21 ಡಿಗ್ರಿ ವ್ಯತ್ಯಾಸ! ಅಲ್ಲಿನ ಬಿಸಿಲು ನಮ್ಮ ರಾಯಚೂರು, ಕಲಬುರಗಿಯ ಮೇ ತಿಂಗಳಿಗೆ ಹತ್ತಿರದ್ದೇ. ಹಾಗಾಗಿ ಈ ಲೆಕ್ಕ ನಮಗೂ ಹೊಂದುತ್ತದೆ.

ಎರಡನೇ ಶತ್ರು ಯುವಿ ಕಿರಣ, ಅಂದರೆ ಬಿಸಿಲಿನಲ್ಲಿರುವ, ಕಣ್ಣಿಗೆ ಕಾಣದ ನೇರಳಾತೀತ ಕಿರಣ. ಇಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಕಾರಿನ ಮುಂದಿನ ಗಾಜು ಒಂದೇ ಗಾಜಲ್ಲ. ಎರಡು ಗಾಜಿನ ನಡುವೆ ಪ್ಲಾಸ್ಟಿಕ್ ಹಾಳೆ ಇಟ್ಟು ಒತ್ತಿದ ಲ್ಯಾಮಿನೇಟೆಡ್ ಗಾಜು. ಅದು ಯುವಿಯ ಬಹುಪಾಲನ್ನು ತಾನೇ ತಡೆಯುತ್ತದೆ. 2016ರಲ್ಲಿ ಪ್ರಕಟವಾದ, 29 ಕಾರುಗಳನ್ನು ಪರೀಕ್ಷಿಸಿದ ಒಂದು ಅಧ್ಯಯನದಲ್ಲಿ ಮುಂದಿನ ಗಾಜು ಸರಾಸರಿ ಶೇಕಡಾ 96ರಷ್ಟು ಯುವಿ-ಎ (ಯುವಿಯ ಒಂದು ಬಗೆ) ತಡೆದಿತ್ತು. ಪಕ್ಕದ ಗಾಜು ಸರಾಸರಿ ಶೇಕಡಾ 71 ಮಾತ್ರ. ಕೆಲವು ಕಾರುಗಳಲ್ಲಿ ಅದು ಶೇಕಡಾ 44ಕ್ಕೂ ಇಳಿದಿತ್ತು.

ಇದರ ಅರ್ಥ ಏನು? ಡ್ಯಾಶ್‌ಬೋರ್ಡಿನ ಮೇಲ್ಭಾಗವನ್ನು ಹಾಳು ಮಾಡುವುದರಲ್ಲಿ ಕಾವಿನ ಪಾಲು ದೊಡ್ಡದು. ಡೋರ್ ಪ್ಯಾಡ್ (ಬಾಗಿಲಿನ ಒಳಮೈಯ ಹೊದಿಕೆ), ಸೀಟಿನ ಪಕ್ಕ, ಹಿಂದಿನ ಸೀಟಿನ ಅಂಚಿಗೆ ಯುವಿ ಹೊಡೆತ ಜಾಸ್ತಿ. ನಾವು ಮಾಡುವುದು ತದ್ವಿರುದ್ಧ. ಯುವಿ ತಡೆಯುವ ದುಬಾರಿ ದ್ರವವನ್ನೆಲ್ಲ ಡ್ಯಾಶ್‌ಬೋರ್ಡಿಗೇ ಸುರಿಯುತ್ತೇವೆ. ಡೋರ್ ಪ್ಯಾಡನ್ನು ಮರೆತೇಬಿಡುತ್ತೇವೆ.

ಇನ್ನೊಂದು ಮಾತು. ಕಾವನ್ನು ಯಾವ ಪಾಲಿಶೂ ತಡೆಯುವುದಿಲ್ಲ. ಕೂದಲಿಗಿಂತ ತೆಳುವಾದ ಪದರ ಅದು. ಕಾವನ್ನು ತಡೆಯುವುದು ನೆರಳು. ಮುಂದಿನ ಗಾಜಿಗೆ ಸರಿಯಾಗಿ ಕೂರುವ, ಬೆಳ್ಳಿ ಬಣ್ಣದ ಸನ್‌ಶೇಡ್. ನಿಮ್ಮ ಹತ್ತಿರ ಐನೂರು ರೂಪಾಯಿ ಮಾತ್ರ ಇದ್ದರೆ ಈ ಲೇಖನ ಇಲ್ಲಿಗೇ ಬಿಟ್ಟು ಸನ್‌ಶೇಡ್ ತನ್ನಿ. ಇದನ್ನು ನಾನು ಮನಸಾರೆ ಹೇಳುತ್ತಿದ್ದೇನೆ. ಅಣ್ಣನ ಕಾರು ಆರು ಬೇಸಿಗೆ ಕಂಡಿದೆ. ಮೊದಲ ದಿನದಿಂದ ಸನ್‌ಶೇಡ್ ಹಾಕುತ್ತಾನೆ, ಪಾಲಿಶ್ ಹಚ್ಚಿದ್ದು ಕಡಿಮೆ. ಅವನ ಡ್ಯಾಶ್‌ಬೋರ್ಡ್ ನಮ್ಮದಕ್ಕಿಂತ ಚೆನ್ನಾಗಿದೆ.

ನಿಮ್ಮ ಕಾರಿನೊಳಗೆ ಇರುವುದು ಯಾವ ವಸ್ತು?

ಬೆರಳಿನಿಂದ ಕುಟ್ಟಿ ನೋಡಿ. ಟಕ್ ಟಕ್ ಅಂದರೆ ಗಟ್ಟಿ ಪ್ಲಾಸ್ಟಿಕ್. ನಮ್ಮಲ್ಲಿ ಓಡಾಡುವ ಸಣ್ಣ ಮತ್ತು ಮಧ್ಯಮ ಕಾರುಗಳಲ್ಲಿ ಹೆಚ್ಚಾಗಿ ಇದೇ. ಅದರಲ್ಲೂ ಪಾಲಿಪ್ರೊಪಿಲೀನ್ ಜಾತಿಯದ್ದು. ಇದಕ್ಕೆ ಕಾರ್ಖಾನೆಯಲ್ಲೇ ಯುವಿ ತಡೆಯುವ ಅಂಶ ಬೆರೆಸಿರುತ್ತಾರೆ. ಕಪ್ಪು ಬಣ್ಣದ್ದಾದರೆ ಆ ಕಪ್ಪು ಪುಡಿಯೇ ಯುವಿಯನ್ನು ಹೀರಿಕೊಳ್ಳುತ್ತದೆ. ಅಂದರೆ ಗಟ್ಟಿ ಕಪ್ಪು ಪ್ಲಾಸ್ಟಿಕ್ಕಿಗೆ ಪಾಲಿಶ್ ಇಲ್ಲದಿದ್ದರೂ ದೊಡ್ಡ ನಷ್ಟವಿಲ್ಲ. ಧೂಳು ಒರೆಸಿಕೊಂಡಿದ್ದರೆ ಸಾಕು.

ಒತ್ತಿದರೆ ಮೆತ್ತಗೆ ಒಳಗೆ ಹೋದರೆ ಅದು ಫೋಮಿನ ಮೇಲೆ ಪಿವಿಸಿ ಥರದ ಪ್ಲಾಸ್ಟಿಕ್ಕಿನ ಚರ್ಮ ಹೊದಿಸಿದ್ದು. ಪಿವಿಸಿ ಹುಟ್ಟಿನಿಂದ ಗಟ್ಟಿ. ಅದನ್ನು ಮೆತ್ತಗೆ ಇಡಲು ಎಣ್ಣೆಯಂಥ ಪ್ಲಾಸ್ಟಿಸೈಜರ್ ಬೆರೆಸಿರುತ್ತಾರೆ. ಕಾವು ಏರಿದಾಗ ಅದು ನಿಧಾನಕ್ಕೆ ಆವಿಯಾಗಿ ಹೊರಗೆ ಬರುತ್ತದೆ. ಗಾಜಿನ ಒಳಮೈಗೆ ಒಂದು ಮಬ್ಬು ಎಣ್ಣೆ ಪದರ ಕೂತಿರುತ್ತದಲ್ಲ, ಅದರಲ್ಲಿ ಇದರ ಪಾಲೂ ಇದೆ. ವರ್ಷಗಟ್ಟಲೆ ಹೀಗಾದರೆ ಚರ್ಮ ಬಿರುಸಾಗುತ್ತದೆ, ಕುಗ್ಗುತ್ತದೆ, ಕೊನೆಗೆ ಸೀಳುತ್ತದೆ. ಹಳೇ ದೊಡ್ಡ ಕಾರುಗಳ ಡ್ಯಾಶ್‌ಬೋರ್ಡ್ ಬಿರುಕು ಬಿಡುವುದು ಹೀಗೆ.

ಮೂರನೆಯದು ಗಟ್ಟಿ ಪ್ಲಾಸ್ಟಿಕ್ಕಿನ ಮೇಲೆ ರಬ್ಬರಿನ ಹಾಗೆ ಮೃದುವಾದ ಬಣ್ಣ ಬಳಿದದ್ದು. ಬಟನ್, ಹಿಡಿಕೆ, ಎಸಿ ನಾಬ್‌ಗಳ ಮೇಲೆ ಇರುತ್ತದೆ. ಪಾಲಿಯುರೆಥೇನ್ ಲೇಪ ಅದು. ತೇವ ಮತ್ತು ಕಾವು ಸೇರಿದರೆ ಕೆಲವು ವರ್ಷಕ್ಕೆ ಒಡೆದು ಅಂಟಂಟಾಗುತ್ತದೆ. ಕರಾವಳಿಯಲ್ಲಿ ಸೆಕೆಂಡ್‌ಹ್ಯಾಂಡ್ ಕಾರು ಕೊಳ್ಳುವವರು ಇದನ್ನು ಮುಟ್ಟಿ ನೋಡಲೇಬೇಕು. ಅಂಟಾದ ಮೇಲೆ ಅದರ ಮೇಲೆ ಪಾಲಿಶ್ ಹಚ್ಚಿದರೆ ಇನ್ನೂ ಗಲೀಜಾಗುತ್ತದೆ. ಅಲ್ಲಿ ಲೇಪವನ್ನೇ ತೆಗೆಸಬೇಕು ಅಥವಾ ಭಾಗವನ್ನು ಬದಲಿಸಬೇಕು.

ನೀರಿನದೋ, ಸಾಲ್ವೆಂಟಿನದೋ?

ಆಯ್ಕೆಯ ಜೀವಾಳ ಇಲ್ಲಿದೆ. ಅಂಗಡಿಯ ಕಪಾಟಿನಲ್ಲಿ ಇಪ್ಪತ್ತು ಬಾಟಲಿ ಕಂಡರೂ ಮೂಲದಲ್ಲಿ ಇರುವುದು ಎರಡು ಜಾತಿ.

ಒಂದು ಜಾತಿಯಲ್ಲಿ ಸಿಲಿಕೋನ್ ಎಣ್ಣೆ ಅಥವಾ ಬೇರೆ ಪಾಲಿಮರನ್ನು ಸಣ್ಣ ಸಣ್ಣ ಹನಿಗಳಾಗಿ ನೀರಿನಲ್ಲಿ ಬೆರೆಸಿರುತ್ತಾರೆ. ಹಚ್ಚಿದ ಮೇಲೆ ನೀರು ಆರಿಹೋಗುತ್ತದೆ, ತೆಳು ಪದರ ಉಳಿಯುತ್ತದೆ. ಇನ್ನೊಂದು ಜಾತಿಯಲ್ಲಿ ಸಿಲಿಕೋನ್ ಎಣ್ಣೆಯನ್ನು ಪೆಟ್ರೋಲಿಯಂ ದ್ರಾವಕದಲ್ಲಿ, ಅಂದರೆ ಸಾಲ್ವೆಂಟಿನಲ್ಲಿ, ಕರಗಿಸಿರುತ್ತಾರೆ. ಇದು ಎಣ್ಣೆಯ ಹಾಗೆ ಪಾರದರ್ಶಕ. ಹಚ್ಚಿದ ಕೂಡಲೇ ಕನ್ನಡಿಯಂತೆ ಹೊಳೆಯುತ್ತದೆ, ಜಾಸ್ತಿ ದಿನವೂ ಇರುತ್ತದೆ. ಇದು ಮುಖ್ಯವಾಗಿ ಟೈರಿಗೆ ಮತ್ತು ಹೊರಗಿನ ಕಪ್ಪು ಪ್ಲಾಸ್ಟಿಕ್ಕಿಗೆ ಮಾಡಿದ್ದು. ಮಳೆ ನೀರಿಗೆ ತೊಳೆದುಹೋಗಬಾರದು ಅನ್ನುವ ಕಡೆ ಅದಕ್ಕೆ ಬೆಲೆ ಇದೆ.

ಒಳಗೆ ಅದು ಬೇಡ. ಕಾರಣ ಮೂರು. ಮೊದಲನೆಯದು ಶಿರಾಡಿಯಲ್ಲಿ ನಾನು ಕಂಡದ್ದು, ಗಾಜಿನಲ್ಲಿ ಪ್ರತಿಬಿಂಬ. ಎರಡನೆಯದು ಧೂಳು. ಮೈ ಜಿಡ್ಡಾಗಿದ್ದರೆ ಧೂಳು ಬಂದು ಅಂಟಿಕೊಳ್ಳುತ್ತದೆ. ಎರಡು ದಿನಕ್ಕೆ ಒರೆಸಬೇಕು, ಒರೆಸಿದರೆ ಕೆಸರಿನಂತೆ ಗೆರೆ ಬೀಳುತ್ತದೆ. ಮೂರನೆಯದು ದ್ರಾವಕ. ಪದೇ ಪದೇ ಹಚ್ಚುತ್ತಿದ್ದರೆ ಕೆಲವು ಬಗೆಯ ಮೆದು ಪ್ಲಾಸ್ಟಿಕ್ ಮತ್ತು ಬಣ್ಣದ ಲೇಪಕ್ಕೆ ಅದು ಒಳ್ಳೆಯದಲ್ಲ. ಮುಚ್ಚಿದ ಕಾರಿನಲ್ಲಿ ಅದರ ವಾಸನೆಯೂ ತಲೆನೋವು ತರುತ್ತದೆ.

ಯಾವುದು ಯಾವ ಜಾತಿ ಅಂತ ತಿಳಿಯುವುದು ಹೇಗೆ? ಬಾಟಲಿಯ ಮೇಲೆ ಬೆಂಕಿಯ ಗುರುತು ಇದೆಯಾ ನೋಡಿ. ಇದ್ದರೆ ಸಾಲ್ವೆಂಟ್ ಎಂದೇ ತಿಳಿಯಿರಿ. ಮುಚ್ಚಳ ತೆಗೆದರೆ ಸೀಮೆಎಣ್ಣೆಯ ಅಥವಾ ಥಿನ್ನರಿನ ವಾಸನೆ ಬಂದರೂ ಅದೇ. ಹಾಲಿನ ಹಾಗೆ ಬೆಳ್ಳಗಿದ್ದರೆ ಬಹುತೇಕ ನೀರಿನದು. ಇನ್ನೂ ಅನುಮಾನ ಇದ್ದರೆ ಒಂದು ಲೋಟ ನೀರಿಗೆ ನಾಲ್ಕು ಹನಿ ಹಾಕಿ. ಮೋಡದಂತೆ ಹರಡಿ ಬೆರೆತರೆ ನೀರಿನದು. ಒಗ್ಗರಣೆ ಎಣ್ಣೆ ಸಾರಿನ ಮೇಲೆ ತೇಲುವ ಹಾಗೆ ತೇಲಿದರೆ ಸಾಲ್ವೆಂಟಿನದು. ಈ ಪರೀಕ್ಷೆಗೆ ಒಂದು ನಿಮಿಷ ಸಾಕು.

"ಸಿಲಿಕೋನ್ ಇದ್ದರೆ ಡ್ಯಾಶ್‌ಬೋರ್ಡ್ ಬಿರುಕು ಬಿಡುತ್ತದೆ" ಅನ್ನುವ ಮಾತು ಹಲವು ವರ್ಷದಿಂದ ಓಡಾಡುತ್ತಿದೆ. ಅಮೆರಿಕದ ಆರ್ಮರ್ ಆಲ್ ಅನ್ನುವ ಪಾಲಿಶ್ ಬಗ್ಗೆ ಇದು ಹೆಚ್ಚು ಕೇಳಿಬಂದಿತ್ತು. ಆ ದ್ರವ 1962ರಲ್ಲಿ ಹುಟ್ಟಿದ್ದು. ಮೊದಲ ಹೆಸರು ಟ್ರಿಡ್-ಆನ್. ಇಂಗ್ಲಿಷಿನಲ್ಲಿ 'ಕೊಳೆ ಇಲ್ಲ' ಎನ್ನಲು ಹೇಳುವ 'ನೋ ಡರ್ಟ್' ಅನ್ನುವ ಅಕ್ಷರಗಳನ್ನು ಹಿಂದುಮುಂದಾಗಿ ಬರೆದರೆ ಆ ಹೆಸರು ಬರುತ್ತದೆ! ನನ್ನ ಅಭಿಪ್ರಾಯದಲ್ಲಿ ಬಿರುಕಿನ ಆರೋಪವನ್ನು ಸಿಲಿಕೋನಿನ ಮೇಲೆ ಹೊರಿಸುವುದು ಸರಿಯಲ್ಲ. ಸಿಲಿಕೋನ್ ಬಹಳ ಸ್ಥಿರವಾದ ವಸ್ತು, ಪ್ಲಾಸ್ಟಿಕ್ಕಿನ ಜೊತೆ ಸುಲಭಕ್ಕೆ ಪ್ರತಿಕ್ರಿಯೆ ಮಾಡುವುದಿಲ್ಲ. ಆ ಕಾಲದ ಪಿವಿಸಿ ಡ್ಯಾಶ್‌ಬೋರ್ಡುಗಳು ಪಾಲಿಶ್ ಹಚ್ಚದಿದ್ದರೂ ಒಡೆಯುತ್ತಿದ್ದವು. ನೋಡಬೇಕಾದದ್ದು ಸಿಲಿಕೋನ್ ಇದೆಯಾ ಅಂತಲ್ಲ, ಅದನ್ನು ಯಾವುದರಲ್ಲಿ ಕರಗಿಸಿದ್ದಾರೆ ಅಂತ.

ಸಿಲಿಕೋನಿನ ಬಗ್ಗೆ ನಿಜವಾದ ದೂರು ಇರುವುದು ಪೇಂಟಿಂಗ್ ಕೆಲಸದವರಿಗೆ. ಬಾಡಿಯ ಮೇಲೆ ಅದರ ಕಣ ಉಳಿದಿದ್ದರೆ ಹೊಸ ಬಣ್ಣ ಅಲ್ಲಲ್ಲಿ ಮೀನಿನ ಕಣ್ಣಿನ ಹಾಗೆ ಗುಳಿ ಬೀಳುತ್ತದೆ. ಡೆಂಟಿಂಗ್, ಪೇಂಟಿಂಗಿಗೆ ಕಾರು ಬಿಡುವ ಹಿಂದಿನ ವಾರ ಸ್ಪ್ರೇ ಹೊಡೆಯಬೇಡಿ.

ಮ್ಯಾಟ್ ಬಾಟಲಿಗಳಲ್ಲಿ ಯಾವುದು?

ನೀರಿನ ಜಾತಿಯಲ್ಲೂ ಹೊಳಪಿನದು, ಅರೆ ಹೊಳಪಿನದು, ಮ್ಯಾಟ್ ಅಂತ ಇದೆ. ಡ್ಯಾಶ್‌ಬೋರ್ಡಿನ ಮೇಲ್ಭಾಗಕ್ಕೆ ನಾನು ಮ್ಯಾಟ್ ಬಿಟ್ಟು ಬೇರೆ ಯಾವುದನ್ನೂ ಹೇಳುವುದಿಲ್ಲ. ಕಾರು ಕಂಪನಿಯವರು ಆ ಭಾಗವನ್ನು ಮಂಕಾಗಿ ಮಾಡಿದ್ದೇ ಗಾಜಿನಲ್ಲಿ ಪ್ರತಿಬಿಂಬ ಬೀಳಬಾರದು ಅಂತ. ಅವರು ಯೋಚಿಸಿ ಕೊಟ್ಟ ಮಂಕುತನವನ್ನು ನಾವು ದುಡ್ಡು ಕೊಟ್ಟು ಹೊಳೆಸಬಾರದು.

ನಾನು ಬಳಸಿದ್ದರಲ್ಲಿ 303 ಪ್ರೊಟೆಕ್ಟೆಂಟ್ (ರಕ್ಷಣೆಯ ದ್ರವ) ಮನಸ್ಸಿಗೆ ಹಿಡಿಸಿತು. ನೀರಿನದು. ಪೂರ್ತಿ ಒಣಗುವ ತನಕ ತಿಕ್ಕಿದರೆ ಜಿಡ್ಡು ಉಳಿಯುವುದಿಲ್ಲ. ಇದರ ಹೆಗ್ಗಳಿಕೆ ಯುವಿ ತಡೆ. ಕೆಲವು ವಾರಕ್ಕೊಮ್ಮೆ ಮತ್ತೆ ಹಚ್ಚಿ ಅಂತ ತಯಾರಕರೇ ಹೇಳುತ್ತಾರೆ. ಆ ಪ್ರಾಮಾಣಿಕತೆ ನನಗೆ ಇಷ್ಟವಾಯಿತು. ಆದರೆ ಬೆಲೆ ಕಮ್ಮಿಯಿಲ್ಲ. ದೊಡ್ಡ ಬಾಟಲಿ ನಮ್ಮಲ್ಲಿ ಸಾವಿರ ರೂಪಾಯಿ ದಾಟುತ್ತದೆ. ಡೋರ್ ಪ್ಯಾಡ್ ಮತ್ತು ರೆಕ್ಸಿನ್ ಸೀಟಿಗೆ ಇದು ಸಾರ್ಥಕ. ಗಟ್ಟಿ ಕಪ್ಪು ಡ್ಯಾಶ್‌ಬೋರ್ಡಿಗೆ ಮಾತ್ರ ಇಷ್ಟು ಖರ್ಚು ಬೇಕಾ ಅಂದರೆ, ಬೇಡ.

ಹೆಚ್ಚು ಕಾರು ಇರುವ ಮನೆಗೆ ಕಾರ್‌ಪ್ರೊ ಪರ್ಲ್ ಥರದ ಗಟ್ಟಿ ದ್ರವ ಲಾಭ. ಅದನ್ನು ನೀರು ಸೇರಿಸಿ ಬಳಸಬೇಕು. ಟೈರಿಗೆ ಒಂದಕ್ಕೆ ಒಂದು, ಹೊರಗಿನ ಪ್ಲಾಸ್ಟಿಕ್ಕಿಗೆ ಒಂದಕ್ಕೆ ಮೂರು, ಒಳಗೆ ಒಂದಕ್ಕೆ ಐದು ಪಾಲು ನೀರು. ನೀರು ಹೆಚ್ಚಾದಷ್ಟೂ ಹೊಳಪು ಕಮ್ಮಿ. ಒಂದೇ ಬಾಟಲಿ ಮೂರು ಕೆಲಸಕ್ಕೆ ಆಗುತ್ತದೆ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ನಿಮ್ಮ ಊರಿನ ಕಾರ್ ಡೆಕೋರ್ ಅಂಗಡಿಯಲ್ಲೋ 3ಎಂ, ವ್ಯಾಕ್ಸ್‌ಪೋಲ್, ಫಾರ್ಮುಲಾ ಒನ್ ಬಾಟಲಿಗಳು ಸುಲಭವಾಗಿ ಸಿಗುತ್ತವೆ. ಕೆಲವೇ ನೂರು ರೂಪಾಯಿಗಳಿಗೆ ಬರುತ್ತವೆ. ಒಂದೇ ಕಂಪನಿ ಹೊಳಪಿನದನ್ನೂ ಮಾಡುತ್ತದೆ, ಮಂಕಿನದನ್ನೂ ಮಾಡುತ್ತದೆ. ಹಾಗಾಗಿ ಹೆಸರು ನೋಡಿ ಕೊಳ್ಳಬೇಡಿ, ಲೇಬಲ್ ಓದಿ. ಕಮ್ಮಿ ಬೆಲೆಯ ನೀರಿನ ಪಾಲಿಶನ್ನು ತೆಳುವಾಗಿ ಹಚ್ಚಿ ಚೆನ್ನಾಗಿ ತಿಕ್ಕಿದರೆ ದುಬಾರಿಯದ್ದಕ್ಕೂ ಅದಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ತುಂಬಾ ಇಲ್ಲ.

ಡಬ್ಬಿ ಸ್ಪ್ರೇ ಬೇಗ ಮುಗಿಯುತ್ತದೆ, ಹನಿ ಗಾಜಿಗೂ ಹಾರುತ್ತದೆ. ಆ ಡಬ್ಬಿಯ ಮೇಲೆ 50 ಡಿಗ್ರಿಗಿಂತ ಹೆಚ್ಚಿನ ಕಾವಿನಲ್ಲಿ ಇಡಬೇಡಿ ಅಂತ ಬರೆದಿರುತ್ತದೆ. ಬಿಸಿಲಿನಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಎಷ್ಟು ಕಾಯುತ್ತದೆ ಅಂತ ಮೇಲೆ ನೋಡಿದಿರಲ್ಲ. ಡಬ್ಬಿಯನ್ನು ಕಾರಿನಲ್ಲಿ ಬಿಡಲೇಬೇಡಿ. ಒದ್ದೆ ವೈಪ್ಸ್ ಪ್ರಯಾಣದಲ್ಲಿ ಅನುಕೂಲ, ಅಷ್ಟೇ. ಕ್ರೀಮ್ ಮತ್ತು ಜೆಲ್ ಒಳಗಿನ ಸಂದಿಗಳಲ್ಲಿ ಬೆಳ್ಳಗೆ ಉಳಿಯುತ್ತವೆ. ಅವನ್ನು ನಾನು ಬಿಟ್ಟಿದ್ದೇನೆ.

ಈಗ ಸೆರಾಮಿಕ್ ಕೋಟಿಂಗ್ ಒಳಗಿನ ಭಾಗಕ್ಕೂ ಬಂದಿದೆ. ಆರು ತಿಂಗಳು, ವರ್ಷ, ಅದಕ್ಕಿಂತ ಜಾಸ್ತಿ ಬಾಳಿಕೆ ಅಂತ ಹೇಳುತ್ತಾರೆ. ಅದರ ನಿಜವಾದ ಗುಣ ಕಲೆ ಅಂಟದಂತೆ ಮಾಡುವುದು. ಮಕ್ಕಳಿರುವ ಮನೆ, ತಿಳಿ ಬಣ್ಣದ ಬೇಜ್ ಸೀಟು, ಜೀನ್ಸಿನ ನೀಲಿ ಬಣ್ಣ ಹತ್ತುವ ತೊಂದರೆ ಇದ್ದರೆ ಯೋಚಿಸಬಹುದು. ಆದರೆ ಹಾಕುವ ಮೊದಲು ಹಳೇ ಸಿಲಿಕೋನ್ ಪೂರ್ತಿ ಹೋಗಿರಬೇಕು. ಹೋಗದಿದ್ದರೆ ಕೋಟಿಂಗ್ ಹಿಡಿಯುವುದಿಲ್ಲ, ದುಡ್ಡು ದಂಡ. ವರ್ಷಗಟ್ಟಲೆ ಪಾಲಿಶ್ ಹೊಡೆಸಿದ ಕಾರಿಗಿಂತ ಹೊಸ ಕಾರಿಗೆ ಇದು ಸರಿ.

ಮನೆಯ ಮದ್ದು ಬೇಡ

ತೆಂಗಿನೆಣ್ಣೆ ಹಚ್ಚುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ನಮ್ಮ ಮಾವನವರೂ ಹಚ್ಚುತ್ತಿದ್ದರು. ಮೊದಲ ದಿನ ಚೆಂದ. ವಾರಕ್ಕೆ ಧೂಳು ಹಿಡಿಯುತ್ತದೆ, ತಿಂಗಳಿಗೆ ಕಮಟು ವಾಸನೆ, ಇರುವೆ ಬೇರೆ. ಅಡುಗೆ ಎಣ್ಣೆ ಕಾವಿಗೆ ಕೆಡುವ ವಸ್ತು. ಅದರಲ್ಲಿ ಯುವಿ ತಡೆಯುವುದೂ ಏನಿಲ್ಲ. ಸೀಮೆಎಣ್ಣೆ, ಪೆಟ್ರೋಲ್ ಹಾಕಿ ಒರೆಸುವುದು ಇನ್ನೂ ಕೆಟ್ಟದ್ದು. ಬಣ್ಣ, ಲೇಪ ಎರಡನ್ನೂ ಕಿತ್ತುಕೊಂಡು ಬರುತ್ತದೆ, ಬೆಂಕಿಯ ಭಯವೂ ಇದೆ. ಟೈರ್ ಪಾಲಿಶ್ ಉಳಿದಿದೆ ಅಂತ ಡ್ಯಾಶ್‌ಬೋರ್ಡಿಗೆ ಬಳಸುವುದೂ ಬೇಡ.

ಕೊರೊನಾ ಕಾಲದಲ್ಲಿ ಸ್ಟೇರಿಂಗಿಗೆ ದಿನವೂ ಸ್ಯಾನಿಟೈಸರ್ ಹಾಕಿ ಒರೆಸಿದವರಿಗೆ ಅದರ ಮೇಲ್ಪದರ ಹೇಗೆ ಸುಲಿದುಬಂತು ಅಂತ ನೆನಪಿರಬಹುದು. ಸ್ಪಿರಿಟ್ ಇರುವ ಯಾವುದನ್ನೂ ದಿನನಿತ್ಯ ಬಳಸಬಾರದು.

ಎಲ್ಲಿ ಹಚ್ಚಲೇಬಾರದು

ಸ್ಟೇರಿಂಗ್, ಗೇರ್ ನಾಬ್, ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಪೆಡಲ್, ಕಾಲ ಕೆಳಗಿನ ರಬ್ಬರ್ ಮ್ಯಾಟ್. ಇವಕ್ಕೆ ಯಾವ ಪಾಲಿಶೂ, ಎಷ್ಟೇ ಒಳ್ಳೆಯದಾದರೂ, ಬೇಡ. ಕಾಲು ಜಾರಿದರೆ ಮುಗೀತು. ಕಾರು ತೊಳೆಯಲು ಬಿಡುವಾಗ ನಾನು ಈಗ ಎರಡೇ ಮಾತು ಹೇಳುತ್ತೇನೆ: "ಒಳಗೆ ಪಾಲಿಶ್ ಬೇಡಣ್ಣ. ಪೆಡಲ್, ಸ್ಟೇರಿಂಗ್ ಮುಟ್ಲೇಬೇಡಿ." ಮೊದಲು ವಿಚಿತ್ರವಾಗಿ ನೋಡುತ್ತಾರೆ. ಆಮೇಲೆ ಅಭ್ಯಾಸವಾಗುತ್ತದೆ.

ಟಚ್‌ಸ್ಕ್ರೀನ್ ಮತ್ತು ಮೀಟರಿನ ಮುಂದಿನ ಪಾರದರ್ಶಕ ಪ್ಲಾಸ್ಟಿಕ್ಕಿಗೆ ನೀರಿನಲ್ಲಿ ಒದ್ದೆ ಮಾಡಿ ಹಿಂಡಿದ ಮೈಕ್ರೋಫೈಬರ್ ಬಟ್ಟೆ ಸಾಕು. ಅಮೋನಿಯಾ ಇರುವ ಗಾಜಿನ ಕ್ಲೀನರ್ ಅಲ್ಲಿಗೆ ಬೇಡ. ಪಿಯಾನೋ ಬ್ಲ್ಯಾಕ್ ಅಂತ ಕರೆಯುವ ಹೊಳಪಿನ ಕಪ್ಪು ಭಾಗವನ್ನು ಒಣಬಟ್ಟೆಯಿಂದ ಎಂದೂ ಒರೆಸಬೇಡಿ. ಧೂಳಿನ ಕಣವೇ ಅದಕ್ಕೆ ಗೀರು ಹಾಕುತ್ತದೆ.

ಚರ್ಮದ ಸೀಟಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಇಂದಿನ ಕಾರಿನ ಚರ್ಮದ ಮೇಲೆ ಬಣ್ಣ, ಅದರ ಮೇಲೆ ಪ್ಲಾಸ್ಟಿಕ್ಕಿನಂಥ ರಕ್ಷಣೆಯ ಪದರ ಇರುತ್ತದೆ. ಕಂಡೀಶನರ್ ಎಷ್ಟು ಹಚ್ಚಿದರೂ ಚರ್ಮದ ಒಳಗೆ ಇಳಿಯುವುದು ಅತ್ಯಲ್ಪ. ಅಲ್ಲಿ ಮುಖ್ಯ ಕೆಲಸ ಬೆವರು, ಕೊಳೆ ತೆಗೆಯುವುದು. ನಮ್ಮಲ್ಲಿ ಹೆಚ್ಚಿನ ಸೀಟು ರೆಕ್ಸಿನ್ನಿನವು. ಅಂದರೆ ಪಿವಿಸಿ ಅಥವಾ ಪಿಯು (ಪಾಲಿಯುರೆಥೇನ್). ಅದಕ್ಕೆ ಸೌಮ್ಯ ಸೋಪಿನ ನೀರು, ಆಮೇಲೆ ಬೇಕಿದ್ದರೆ ಮ್ಯಾಟ್ ಪ್ರೊಟೆಕ್ಟೆಂಟ್. ಬಟ್ಟೆ ಸೀಟಿಗೆ ಪಾಲಿಶಿನ ಮಾತೇ ಇಲ್ಲ.

ಹಚ್ಚಲೇಬೇಕಾದ ಒಂದು ಜಾಗವನ್ನು ಎಲ್ಲರೂ ಮರೆಯುತ್ತಾರೆ. ಬಾಗಿಲಿನ ಸುತ್ತ ಇರುವ ರಬ್ಬರ್ ಬೀಡಿಂಗ್. ವರ್ಷಕ್ಕೆ ಎರಡು ಸಲ ಸಿಲಿಕೋನ್ ಇರುವ ದ್ರವವನ್ನು ಬಟ್ಟೆಗೆ ಹಾಕಿ ತೆಳುವಾಗಿ ಸವರಿ. ರಬ್ಬರ್ ಬಿರುಸಾಗುವುದಿಲ್ಲ, ಕೀರಲು ಸದ್ದು ಹೋಗುತ್ತದೆ, ಮಳೆ ನೀರು ಒಳಗೆ ಬರುವುದಿಲ್ಲ.

ಊರಿಗೆ ತಕ್ಕ ಆಯ್ಕೆ

ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯವರಿಗೆ: ಸನ್‌ಶೇಡ್ ಮೊದಲು, ಬೇವಿನ ಮರದ ನೆರಳು ಸಿಕ್ಕರೆ ಇನ್ನೂ ಒಳ್ಳೆಯದು, ಪಾಲಿಶ್ ಕೊನೆಗೆ. ಒಣ ಧೂಳು ಜಾಸ್ತಿ ಇರುವುದರಿಂದ ಜಿಡ್ಡಿನ ಪಾಲಿಶ್ ಅಲ್ಲಿ ಹೇಳಿ ಮಾಡಿಸಿದ ತಪ್ಪು. ಅಣ್ಣನ ಕಾರಿಗೆ ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ಮ್ಯಾಟ್ ಪ್ರೊಟೆಕ್ಟೆಂಟ್, ಅದೂ ಡೋರ್ ಪ್ಯಾಡ್ ಮತ್ತು ಸೀಟಿಗೆ.

ಬೆಂಗಳೂರು, ಮೈಸೂರಿನವರು ಗಾಳಿ ತಂಪಾಗಿದೆ ಅಂತ ಮೋಸ ಹೋಗಬಾರದು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಮಾರ್ಚ್, ಏಪ್ರಿಲಿನಲ್ಲಿ ಯುವಿ ತುಂಬಾ ತೀಕ್ಷ್ಣ. ರಸ್ತೆ ಬದಿ ನಿಲ್ಲಿಸುವ ಕಾರಿನ ಒಂದೇ ಮಗ್ಗುಲಿಗೆ ಪ್ರತಿದಿನ ಬಿಸಿಲು ಬೀಳುತ್ತದೆ. ನಮ್ಮ ಕಾರಿನ ಎಡಗಡೆಯ ಡೋರ್ ಪ್ಯಾಡ್ ಬಲಗಡೆಗಿಂತ ಮಾಸಿದೆ. ಕಾರಣ ಅದೇ. ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವ ಯೋಚನೆ ಇದ್ದರೆ ಕಾನೂನು ನೆನಪಿರಲಿ. ಮುಂದಿನ, ಹಿಂದಿನ ಗಾಜಿನಲ್ಲಿ ಕನಿಷ್ಠ ಶೇಕಡಾ 70, ಪಕ್ಕದ ಗಾಜಿನಲ್ಲಿ ಶೇಕಡಾ 50 ಬೆಳಕು ಒಳಗೆ ಬರಲೇಬೇಕು.

ಕರಾವಳಿ ಮತ್ತು ಮಲೆನಾಡಿನಲ್ಲಿ ಸಮಸ್ಯೆಯೇ ಬೇರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಕಾರಿನೊಳಗೆ ತೇವ ಆರುವುದೇ ಇಲ್ಲ. ಎರಡು ವಾರ ನಿಲ್ಲಿಸಿದರೆ ಸ್ಟೇರಿಂಗ್, ಸೀಟಿನ ಮೇಲೆ ಬೆಳ್ಳಗೆ ಬೂಷ್ಟು. ಅದರ ಮೇಲೆ ಎಣ್ಣೆಯಂಶದ ಕ್ರೀಮ್ ಹಚ್ಚಿದರೆ ಒಳಗಿನ ತೇವ, ಕೊಳೆ ಅಲ್ಲೇ ಉಳಿಯುತ್ತದೆ. ಮೊದಲು ಸೋಪಿನ ನೀರಿನಲ್ಲಿ ಒರೆಸಿ, ಬಿಸಿಲು ಬಂದ ದಿನ ನಾಲ್ಕೂ ಬಾಗಿಲು ತೆಗೆದು ಒಣಗಿಸಿ. ಮಳೆಗಾಲಕ್ಕೆ ಮೊದಲು ಮೇ ಕೊನೆಯಲ್ಲಿ ಒಂದು ಸಲ, ಮುಗಿದ ಮೇಲೆ ಅಕ್ಟೋಬರಿನಲ್ಲಿ ಒಂದು ಸಲ ಹಚ್ಚಿದರೆ ಸಾಕು. ನಡುವೆ ಬೇಡ.

ಹಚ್ಚುವ ಬಗೆ

ಕಾರು ತಣ್ಣಗಿರಬೇಕು. ಬೆಳಿಗ್ಗೆ ಅಥವಾ ಸಂಜೆ. ವ್ಯಾಕ್ಯೂಮ್ ಹೊಡೆದು, ಎಸಿ ಕಿಂಡಿಗಳಿಗೆ ಮೆತ್ತನೆ ಬ್ರಶ್ ಆಡಿಸಿ. ಒಂದು ಮಗ್ ನೀರಿಗೆ ನಾಲ್ಕು ಹನಿ ಶಾಂಪೂ ಹಾಕಿ, ಹಿಂಡಿದ ಬಟ್ಟೆಯಿಂದ ಒರೆಸಿ. ಬೇರೆ ನೀರಿನ ಬಟ್ಟೆಯಿಂದ ಇನ್ನೊಮ್ಮೆ. ಪೂರ್ತಿ ಒಣಗಲಿ. ಕೊಳೆಯ ಮೇಲೆ ಪಾಲಿಶ್ ಹಚ್ಚಿದರೆ ಕೊಳೆಯೇ ಹೊಳೆಯುತ್ತದೆ.

ದ್ರವವನ್ನು ನೇರವಾಗಿ ಡ್ಯಾಶ್‌ಬೋರ್ಡಿನ ಮೇಲೆ ಸಿಂಪಡಿಸಬೇಡಿ. ಬಟನ್ನಿನ ಸಂದಿಗೆ ಇಳಿಯುತ್ತದೆ, ಗಾಜಿಗೆ ಹಾರುತ್ತದೆ. ಸ್ಪಾಂಜ್ ಅಥವಾ ಬಟ್ಟೆಗೆ ಎರಡು ಸಲ ಒತ್ತಿ, ತೆಳುವಾಗಿ ಸವರಿ. ಎರಡು ಮೂರು ನಿಮಿಷ ಬಿಟ್ಟು ಒಣ ಮೈಕ್ರೋಫೈಬರ್ ಬಟ್ಟೆಯಿಂದ ಚೆನ್ನಾಗಿ ತಿಕ್ಕಿ. ಈ ಕೊನೆಯ ತಿಕ್ಕುವ ಕೆಲಸವನ್ನೇ ಜನ ಬಿಡುವುದು. ಆಮೇಲೆ ಬೆರಳಿಟ್ಟು ಒತ್ತಿ ನೋಡಿ. ಬೆರಳು ಜಿಡ್ಡಾದರೆ ಇನ್ನೊಮ್ಮೆ ತಿಕ್ಕಿ. ಕೊನೆಗೆ ಮುಂದಿನ ಗಾಜಿನ ಒಳಮೈ ಒರೆಸಿ, ಡ್ರೈವರ್ ಸೀಟಿನಲ್ಲಿ ಕೂತು ಬಿಸಿಲಿನ ಕಡೆ ನೋಡಿ. ಪ್ರತಿಬಿಂಬ ಕಂಡರೆ ನೀವು ಹಚ್ಚಿದ್ದು ಜಾಸ್ತಿಯಾಗಿದೆ.

ಈಗಾಗಲೇ ಬಿರುಕು ಬಿಟ್ಟ ಡ್ಯಾಶ್‌ಬೋರ್ಡ್ ಇದ್ದರೆ ಯಾವ ಬಾಟಲಿಯೂ ಅದನ್ನು ಕೂಡಿಸುವುದಿಲ್ಲ. ಪಾಲಿಶ್ ಸಂದಿಗೆ ಇಳಿದು ಬಿರುಕು ಇನ್ನೂ ಎದ್ದು ಕಾಣುತ್ತದೆ. ಕವರ್ ಹಾಕಿಸುವುದು, ರೆಕ್ಸಿನ್ ಹೊದಿಸುವುದು, ಗುಜರಿಯಲ್ಲಿ ಒಳ್ಳೆಯ ಡ್ಯಾಶ್‌ಬೋರ್ಡ್ ಹುಡುಕುವುದು, ಇವೇ ದಾರಿ. ಮಾವನ ಕಾರಿಗೆ ನಾವು ರೆಕ್ಸಿನ್ ಹೊದಿಸಿದೆವು. ಅದರಲ್ಲಿ ಏರ್‌ಬ್ಯಾಗ್ ಇರಲಿಲ್ಲ, ಹಾಗಾಗಿ ಧೈರ್ಯವಾಗಿ ಮಾಡಿಸಿದೆವು. ನಿಮ್ಮ ಕಾರಿನಲ್ಲಿ ಎಡಗಡೆ ಏರ್‌ಬ್ಯಾಗ್ ಇದ್ದರೆ ಅದರ ಮುಚ್ಚಳದ ಮೇಲೆ ರೆಕ್ಸಿನ್ನಾಗಲಿ, ಕವರಾಗಲಿ ಬರದಂತೆ ಕೆಲಸದವರ ಮುಂದೆ ನಿಂತೇ ಮಾಡಿಸಿ. ಅಪಘಾತದ ಹೊತ್ತಿನಲ್ಲಿ ಆ ಮುಚ್ಚಳ ಕ್ಷಣದಲ್ಲಿ ಬಿಚ್ಚಿಕೊಳ್ಳಬೇಕು.